ಟವೆಲಿನ ಕೆಳಗಿನ ಯುದ್ಧ

ಅಕ್ಷರಾಭ್ಯಾಸಕ್ಕೆ ಮೊದಲೇ ನನಗೆ ಯುದ್ಧನೀತಿಯ ಅಭ್ಯಾಸವಾಗಿತ್ತು. ಅರಸೀಕೆರೆಯ ನಮ್ಮ ಮನೆಯಲ್ಲಿ ಜಗಳವೆಂಬುದು ಸ್ನಾನ, ಪೂಜೆ, ಊಟಗಳ ಹಾಗೆ ದಿನಚರಿಯ ಒಂದು ಭಾಗ. ಹಾಗಾಗಿ ಅದಕ್ಕೂ ಕಟ್ಟುಪಾಡುಗಳಿದ್ದವು. ಲಿಂಗಪೂಜೆ ಮುಗಿಯುವ ತನಕ ಯಾರೂ ಯಾರಿಗೂ ಬಿರುಸು ಮಾತಾಡುವಂತಿಲ್ಲ. ತಟ್ಟೆಯ ಮುಂದೆ ಕೂತವರ ತಂಟೆಗೆ ಹೋಗುವಂತಿಲ್ಲ. ಹೆಂಗಸರು ಅಡಿಗೆಮನೆಯೊಳಗೆ ಏನನ್ನಾದರೂ ಅನ್ನಬಹುದು, ಆದರೆ ಹೊಸಿಲು ದಾಟಿದ ಮೇಲೆ ಆ ಮಾತು ಚಲಾವಣೆಯಲ್ಲಿರುವುದಿಲ್ಲ. ಗಂಡಸರ ಜಗಳ ಪಡಸಾಲೆಯಲ್ಲಿ ಶುರುವಾಗಿ ಪಡಸಾಲೆಯಲ್ಲೇ ಮುಗಿಯಬೇಕು, ಅಂಗಳಕ್ಕೆ ಇಳಿಯಬಾರದು, ಹೊರಗಿನವರ ಕಿವಿಗೆ ಬೀಳಬಾರದು. ಅಜ್ಜಿ ಒಂದು ಸಲ ಕೆಮ್ಮಿದರೆ ಎಚ್ಚರಿಕೆ, ಎರಡು ಸಲ ಕೆಮ್ಮಿದರೆ ಕದನವಿರಾಮ. ಅಜ್ಜಿಗೆ ನಿಜವಾಗಿಯೂ ನೆಗಡಿಯಾದ ವಾರಗಳಲ್ಲಿ ನಮ್ಮ ಮನೆ ಮಠಕ್ಕಿಂತ ಶಾಂತವಾಗಿರುತ್ತಿತ್ತು.

ಮನೆಯಲ್ಲಿದ್ದವರು ಅಜ್ಜಿ, ಅವಳ ಇಬ್ಬರು ಗಂಡುಮಕ್ಕಳಾದ ದೊಡ್ಡಪ್ಪ ಮತ್ತು ನನ್ನ ಅಪ್ಪ, ಅವರ ಹೆಂಡತಿಯರು, ದೊಡ್ಡಪ್ಪನ ಮಗ ಬಸು, ಅಪ್ಪನ ಮಗಳು ನಾನು. ನಮ್ಮೆಲ್ಲರಿಗಿಂತ ಹೆಚ್ಚು ಜಾಗ ಹಿಡಿದಿದ್ದದ್ದು ತೆಂಗಿನಕಾಯಿ. ಪಡಸಾಲೆಯ ಉದ್ದಕ್ಕೂ ತಲೆಯ ಮೇಲೆ ಅಟ್ಟ, ಅಟ್ಟದ ತುಂಬ ಸಿಪ್ಪೆ ಸಮೇತದ ಕಾಯಿ. ಅವು ಅಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಸುಮ್ಮನೆ ಕೂತು, ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ತಾನಾಗಿ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗಬೇಕು. ಆಗಿದೆಯೋ ಇಲ್ಲವೋ ಎಂದು ಒಡೆಯದೆ ತಿಳಿಯುವುದಕ್ಕೆ ಇರುವುದು ಒಂದೇ ದಾರಿ, ಕಿವಿಯ ಹತ್ತಿರ ಹಿಡಿದು ಕುಲುಕುವುದು. ನೀರು ತುಳುಕಿದರೆ ಹಸಿ. ಸದ್ದೇ ಬರದಿದ್ದರೆ ತಿರುಳು ಇನ್ನೂ ಚಿಪ್ಪಿಗೆ ಅಂಟಿದೆ. ಒಳಗೆ ಉಂಡೆ ಉರುಳಿದ ಸದ್ದು ಬಂದರೆ ಕೊಬ್ಬರಿ. ಈ ವಿದ್ಯೆಯಲ್ಲಿ ದೊಡ್ಡಪ್ಪ ಪೀಠಾಧಿಪತಿ. ಅಟ್ಟದ ಮೇಲೆ ಬೇರೆ ಯಾರಾದರೂ ಕಾಯಿ ಕುಲುಕಿದರೆ ಕೆಳಗೆ ಊಟ ಮಾಡುತ್ತ ಕೂತಲ್ಲಿಂದಲೇ, 'ಅದ್ನ ಇಳಿಸ್ಬ್ಯಾಡ, ಇನ್ನೊಂದ್ ತಿಂಗ್ಳು ಇರ್ಲಿ' ಎಂದು ಮುದ್ದೆ ನುಂಗುವ ಖ್ಯಾತಿ ಅವನದು.

ಈ ಮನೆಗೆ ಪುಸ್ತಕ ತಂದವನು ಸೋಮುಮಾವ. ಅಮ್ಮನ ತಮ್ಮ; ಸ್ಟೇಷನ್ನಿನಲ್ಲಿ ಗುಮಾಸ್ತನ ಕೆಲಸ, ಅಕ್ಕನ ಮನೆಯಲ್ಲಿ ಊಟ, ಆಡುವುದು ಮಾತ್ರ ಅಚ್ಚಾದ ಪುಸ್ತಕದ ಕನ್ನಡ. ಯಾರೋ ಪ್ರಯಾಣಿಕರು ರೈಲಿನ ಸೀಟಿನ ಮೇಲೆ ಬಿಟ್ಟುಹೋಗಿದ್ದ ಒಂದು ಇಂಗ್ಲಿಷ್ ಪುಸ್ತಕ ಬಹಳ ದಿನ ಸ್ಟೇಷನ್ನಿನಲ್ಲಿ ಬಿದ್ದಿದ್ದು, ಕೇಳುವವರೇ ಬರದೆ, ಕೊನೆಗೆ ಅವನ ಚೀಲ ಸೇರಿತು. ಅದು ಕಥೆಯ ಪುಸ್ತಕವಲ್ಲ, ಕಥೆಯನ್ನು ಆಡುವ ಪುಸ್ತಕ. ಒಬ್ಬ ಕೂತು 'ನೀವೊಂದು ಕೋಟೆಯ ಮುಂದೆ ನಿಂತಿದ್ದೀರಿ' ಎಂದು ಹೇಳಬೇಕು. ಉಳಿದವರು ಒಬ್ಬ ವೀರನೋ ಬಿಲ್ಲುಗಾರ್ತಿಯೋ ಆಗಿ, ತಾವೇನು ಮಾಡುತ್ತೇವೆ ಎನ್ನಬೇಕು. ಮಾಡಿದ್ದು ಫಲಿಸಿತೋ ಇಲ್ಲವೋ ಎನ್ನುವುದನ್ನು ದಾಳ ತೀರ್ಮಾನಿಸುತ್ತದೆ. ಸೋಮುಮಾವ ಇದನ್ನು ಉಪನಿಷತ್ತಿನ ಗಾಂಭೀರ್ಯದಿಂದ ವಿವರಿಸಿದ. ಒಂದೇ ತೊಂದರೆಯೆಂದರೆ ಪುಸ್ತಕದ ಮುಂದಿನ ಭಾಗವನ್ನೂ ಹಿಂದಿನ ಭಾಗವನ್ನೂ ಯಾರೋ ಹರಿದಿದ್ದರು. ಪ್ರಯಾಣದಲ್ಲಿ ಕಾಗದಕ್ಕೆ ನೂರೆಂಟು ಉಪಯೋಗ. ನಮಗೆ ದಕ್ಕಿದ್ದು ನಡುವಿನ ಯುದ್ಧಕಾಂಡ ಮಾತ್ರ: ಯಾರು ಮೊದಲು ಹೊಡೆಯಬೇಕು, ಕವಚ ತೊಟ್ಟವನಿಗೆ ಏಟು ತಗಲುವುದು ಯಾವಾಗ, ಗದೆಯಿಂದ ಎಷ್ಟು, ಕತ್ತಿಯಿಂದ ಎಷ್ಟು. ಊಟಕ್ಕೆ ಕೂರಿಸಿ ಬರೀ ಉಪ್ಪಿನಕಾಯಿ ಬಡಿಸಿದ ಹಾಗಾಯಿತು. ನಾವು ಅದನ್ನೇ ಚಪ್ಪರಿಸಿದೆವು.

ಇಪ್ಪತ್ತು ಮುಖದ ದಾಳ ಬೇಕೆಂದು ಪುಸ್ತಕ ಹೇಳಿತ್ತು. ಅರಸೀಕೆರೆಯ ಸಂತೆಯಲ್ಲಿ ಹುಡುಕಿದರೆ ಏನೆಲ್ಲ ಸಿಗುತ್ತದೆ, ಅದೊಂದು ಸಿಗಲಿಲ್ಲ. ಇಪ್ಪತ್ತು ಹುಣಸೆಬೀಜದ ಮೇಲೆ ಅಂಕಿ ಬರೆದು ಕರಟದಲ್ಲಿ ಹಾಕಿ, ಕಣ್ಣು ಮುಚ್ಚಿ ಒಂದನ್ನು ಎತ್ತುವ ಏರ್ಪಾಡು ಮಾಡಿದೆವು. ಪ್ರತಿಯೊಬ್ಬರಿಗೂ ಇಂತಿಷ್ಟು 'ಉಸಿರು' ಎಂದು ಮಾವ ಅನುವಾದ ಮಾಡಿದ. ಏಟು ಬಿದ್ದಷ್ಟೂ ಉಸಿರು ಕಡಿಮೆ, ಸೊನ್ನೆಯಾದರೆ ಸಾವು. ಭೂಪಟ ನಮ್ಮದೇ: ಮನೆಯಿಂದ ಹೊರಟು ಹಳೇಬೀಡಿನ ಕೆರೆ ದಾಟಿ ಬೇಲೂರಿನ ಕೋಟೆ ಬಾಗಿಲು ಸೇರಬೇಕು. ರಾಕ್ಷಸರ ಅಧ್ಯಾಯ ಹರಿದುಹೋಗಿದ್ದರಿಂದ ಒಂದು ಭಾನುವಾರ ಅಜ್ಜಿಯನ್ನೂ ಕರೆದುಕೊಂಡು ಶತ್ರುಗಳ ಸಮೀಕ್ಷೆಗೆಂದೇ ಬಸ್ಸು ಹತ್ತಿದೆವು. ಹಳೇಬೀಡಿನ ಗುಡಿಯ ಗೋಡೆಯ ಬುಡದ ಸುತ್ತ ಸಾಲುಸಾಲಾಗಿ ಆನೆ, ಸಿಂಹ, ಕುದುರೆ, ಮೇಲಿನ ಸಾಲಿನಲ್ಲಿ ಮಕರ. ಹಂದಿಯ ಮೈ, ಮೊಸಳೆಯ ಬಾಯಿ, ನವಿಲಿನ ಬಾಲ ಸೇರಿದ ಆ ಪ್ರಾಣಿಗೆ ಬಸು ಅಲ್ಲೇ ನಿಂತು ಹನ್ನೆರಡು ಉಸಿರು ಮಂಜೂರು ಮಾಡಿದ. ಬೇಲೂರಿನಲ್ಲಿ ಹುಲಿಯೊಂದಿಗೆ ಸೆಣಸುವ ಸಳನ ವಿಗ್ರಹ ತೋರಿಸಿ ಮಾವ, ಗುರುಗಳು 'ಹೊಯ್ ಸಳ' ಎಂದದ್ದು, ಇವನು ಹೊಡೆದದ್ದು, ಅದರಿಂದ ಒಂದು ರಾಜ್ಯವೇ ಹುಟ್ಟಿದ್ದು ಎಲ್ಲವನ್ನೂ ವರ್ಣಿಸಿದ. ಅಜ್ಜಿ ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಗುರುಗಳು ಹೊಯ್ ಅಂದ್ರು, ಇವ್ನು ಹೊಯ್ದ. ಆ ಹುಲೀನ ಯಾರಾದ್ರೂ ಒಂದ್ ಮಾತು ಕೇಳಿದ್ರೇನಪ್ಪ?"

"ಹುಲಿಯನ್ನು ಕೇಳುವುದಕ್ಕೆ ನಿಯಮವಿಲ್ಲ ಅತ್ತೆ," ಎಂದ ಮಾವ.

ನಿಜವಾಗಿಯೂ ಇರಲಿಲ್ಲ. ನಮ್ಮ ಪುಸ್ತಕದಲ್ಲಿ ಓಡಿಹೋಗುವುದಕ್ಕೆ ನಿಯಮವಿಲ್ಲ, ಶರಣಾಗುವುದಕ್ಕಿಲ್ಲ, ಗಾಯ ಮಾಯುವುದಕ್ಕಿಲ್ಲ, ಮಾತಾಡುವುದಕ್ಕಂತೂ ಇಲ್ಲವೇ ಇಲ್ಲ. ಹೊಡೆಯುವುದಕ್ಕೆ ಮಾತ್ರ ಪುಟಗಟ್ಟಲೆ. ಪರಿಣಾಮವೇನೆಂದರೆ, ಶಾಲೆಯಲ್ಲಿ ಸಾಧುಗಳೆಂದು ಹೆಸರಾಗಿದ್ದ ನಾವಿಬ್ಬರು ಹಳೇಬೀಡಿನ ದಾರಿಯುದ್ದಕ್ಕೂ ಹೆಣ ಉರುಳಿಸುತ್ತ ಹೋದೆವು. ಕೆರೆ ದಾಟಿಸಲು ಬಂದ ಅಂಬಿಗನನ್ನು ನಾನೇ ಬಾಣ ಬಿಟ್ಟು ಕೊಂದೆ. ದೋಣಿ ಹುಟ್ಟುಹಾಕಲು ಆಮೇಲೆ ಯಾರೂ ಇರಲಿಲ್ಲ. ಎರಡೇ ಎರಡು ಉಸಿರಿನ ಹೂ ಮಾರುವ ಹುಡುಗಿಯೊಬ್ಬಳನ್ನು ಬಸು ಗದೆಯಿಂದ ಬಾರಿಸಿದ.

"ಯಾಕೋ ಹೊಡೆದೆ ಅವಳನ್ನು? ಹೂ ಬೇಕೇ ಎಂದಷ್ಟೇ ಕೇಳಿದಳಲ್ಲೋ!" ಮಾವ ಕರಟವನ್ನು ತನ್ನ ಕಡೆಗೆ ಎಳೆದುಕೊಂಡ.

"ಇನ್ನೇನ್ ಮಾಡ್ಲಿ ಮಾವ? ಬುಕ್ಕಲ್ಲಿ ಬ್ಯಾರೆ ಏನೂ ಇಲ್ವಲ್ಲ."

ಮಾವ ಪುಟ ತಿರುವಿ ನೋಡಿ ಪುಸ್ತಕ ಮುಚ್ಚಿದ. ಈಗ ಯೋಚಿಸಿದರೆ ಬಸುವಿನದು ನನ್ನ ಬಾಲ್ಯದಲ್ಲಿ ಕೇಳಿದ ಅತ್ಯಂತ ಪ್ರಾಮಾಣಿಕ ವಾಕ್ಯ. ನಾವು ಕೆಟ್ಟವರಾಗಿರಲಿಲ್ಲ. ಕೈಗೆ ಏನು ಕೊಟ್ಟಿದ್ದರೋ ಅದನ್ನು ಮಾಡುತ್ತಿದ್ದೆವು.

ಆ ವರ್ಷವೇ ದೊಡ್ಡವರ ಯುದ್ಧ ನಡೆಯಿತು. ಅಪ್ಪ ತೋಟದ ಕೆಲಸಕ್ಕೆಂದು ಗೆಂಡೆಹಳ್ಳಿಗೆ ಹೋಗಿ ಮೂರು ದಿನ ನಿಂತಿದ್ದಾಗ ದೊಡ್ಡಪ್ಪ ಅಟ್ಟ ಹತ್ತಿ, ಒಂದೊಂದನ್ನೂ ಕುಲುಕಿ, 'ಒಣಗೈತೆ, ಒಣಗೈತೆ' ಎನ್ನುತ್ತ ಅರ್ಧ ಅಟ್ಟವನ್ನು ಇಳಿಸಿಬಿಟ್ಟ. ಕಾಯಿ ಸುಲಿದು ಒಡೆಯುವ ಹೆಂಗಸರು ಮೊದಲ ಹತ್ತು ಕಾಯಿಗೇ ಮುಖ ಮುಖ ನೋಡಿಕೊಂಡರು. ಒಂದೂ ಉಂಡೆಯಾಗಿರಲಿಲ್ಲ. ತಿರುಳು ಚಿಪ್ಪಿಗೆ ಕಚ್ಚಿಕೊಂಡು ಚೂರುಚೂರಾಗಿ ಬರುತ್ತಿತ್ತು. ಎರಡು ತಿಂಗಳು ಮೊದಲೇ ಇಳಿಸಿದ್ದ. ಆ ಕೈ ಎಂದೂ ತಪ್ಪಿದ್ದಲ್ಲ. ತಪ್ಪಿದ್ದು ಕಿವಿ, ಮತ್ತು ಅದು ಬಹಳ ದಿನದಿಂದ ಸ್ವಲ್ಪಸ್ವಲ್ಪವಾಗಿ ತಪ್ಪುತ್ತ ಬಂದಿದ್ದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಅಪ್ಪ ಊರಿನಿಂದ ಬಂದವನು ಅಂಗಳದ ರಾಶಿ ನೋಡಿ, ಚಪ್ಪಲಿಯನ್ನೂ ಬಿಡದೆ, ಕಾಯಿ ಒಡೆಯುತ್ತಿದ್ದ ಅಷ್ಟೂ ಜನರ ಎದುರಿಗೆ ಅಂದ:

"ಅಣ್ಣಂಗೆ ಕಿವಿ ಹೋಗೈತೆ. ಇನ್ಮ್ಯಾಲೆ ಅವ್ನು ಅಟ್ಟ ಹತ್ತೋದು ಬ್ಯಾಡ. ಹತ್ತಿದ್ರೂ ಯಾರೂ ಅವ್ನ ಮಾತು ಕೇಳ್ಬ್ಯಾಡಿ."

ಅಜ್ಜಿ ಎರಡು ಸಲ ಕೆಮ್ಮಿದಳು. ತಡವಾಗಿತ್ತು. ಮಾತು ಅಂಗಳಕ್ಕೆ ಇಳಿದಾಗಿತ್ತು. ಇಷ್ಟೂ ಕಾಲ ಸಣ್ಣ ಮಾತುಗಳು ಕೇಳಿಸದಿದ್ದ ದೊಡ್ಡಪ್ಪನಿಗೆ ಇದೊಂದು ಸ್ಪಷ್ಟವಾಗಿ ಕೇಳಿಸಿತ್ತು.

ಮಾರನೆಯ ದಿನದಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಊಟ ಎರಡು ಪಂಕ್ತಿಯಾಯಿತು; ಮೊದಲು ದೊಡ್ಡಪ್ಪ, ಅವನು ಕೈ ತೊಳೆದ ಮೇಲೆ ಅಪ್ಪ. ಒಡೆದ ಕಾಯಿಯನ್ನು ಎಸೆಯುವ ಮನೆಯಲ್ಲವಲ್ಲ; ಆ ತಿಂಗಳು ನಮ್ಮಲ್ಲಿ ಕಾಯಿ ಹಾಕದ ಪದಾರ್ಥವೆಂದರೆ ಕುಡಿಯುವ ನೀರು ಮಾತ್ರ, ಮತ್ತು ಪ್ರತಿ ತುತ್ತಿನಲ್ಲೂ ಜಗಳ ಬಾಯಿಗೆ ಸಿಗುತ್ತಿತ್ತು. ಅಮ್ಮನೂ ದೊಡ್ಡಮ್ಮನೂ ಒಂದೇ ಒಲೆಯ ಮುಂದೆ ಕೂತು ಒಬ್ಬರಿಗೊಬ್ಬರು ಉಪ್ಪು ಕೊಡುವುದಕ್ಕೂ ಅಜ್ಜಿಯ ಮುಖ ನೋಡುತ್ತಿದ್ದರು. ಕೊನೆಗೆ ಹಿತ್ತಿಲಿಗೆ ಒಂದು ಗಾಡಿ ಇಟ್ಟಿಗೆ ಬಂತು. ಪಡಸಾಲೆಯ ನಡುವೆ, ಮುಂಬಾಗಿಲಿನಿಂದ ಹಿಂಬಾಗಿಲಿನವರೆಗೆ, ಅಟ್ಟವನ್ನೂ ಸೇರಿಸಿ ಒಂದು ಗೋಡೆ ಏಳಬೇಕೆಂದು ತೀರ್ಮಾನವಾಯಿತು. ಬಸು ಆ ಕಡೆ, ನಾನು ಈ ಕಡೆ. ಅಜ್ಜಿ ಯಾವ ಕಡೆ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಬಸು ಇಟ್ಟಿಗೆಯ ರಾಶಿಯ ಮೇಲೆ ಕೂತು ನನ್ನನ್ನು ಕೇಳಿದ: 'ಗೋಡೇಲಿ ಒಂದ್ ಕಿಂಡಿ ಬಿಡಿಸ್ಬೋದಾ, ಕರಟ ದಾಟೋ ಅಷ್ಟು?' ಅದುವರೆಗೂ ಆ ಗೋಡೆ ದೊಡ್ಡವರದೆಂದೇ ನಾನು ತಿಳಿದಿದ್ದೆ.

ಇಷ್ಟು ಅರ್ಥವಾದ ಮೇಲೆ ನಾವಿಬ್ಬರು ಒಗ್ಗಟ್ಟಾಗಬೇಕಿತ್ತು. ಆಗಲಿಲ್ಲ. ಮಕರವನ್ನು ಬಿಟ್ಟು ನಾವು ಒಬ್ಬರನ್ನೊಬ್ಬರು ಹೊಡೆಯತೊಡಗಿದೆವು; ಪುಸ್ತಕ ಅದಕ್ಕೂ ಅಡ್ಡಿ ಹೇಳುತ್ತಿರಲಿಲ್ಲ. ಒಂದು ಭಾನುವಾರ ಊಟವಾದ ಮೇಲೆ ನಾನು ಎತ್ತಿದ ಬೀಜ ಹದಿನೇಳು ಎಂದು ಕೂಗಿ ಮತ್ತೆ ಕರಟಕ್ಕೆ ಹಾಕಿದೆ, ಬಸು ಹನ್ನೊಂದು ಎಂದೇ ಕೇಳಿಸಿತು ಎಂದ. ನನ್ನ ಬಾಯಿಂದ ಬಂದದ್ದು ನನ್ನ ಮಾತಾಗಿರಲಿಲ್ಲ:

"ನಿಮ್ಮಪ್ಪನ ಹಂಗೆ ನಿಂಗೂ ಕಿವಿ ಹೋಗೈತೇನೋ?"

ದೊಡ್ಡಪ್ಪ ಅಲ್ಲೇ ಆರಾಮಕುರ್ಚಿಯಲ್ಲಿದ್ದ. ಅವನಿಗೆ ಮಾತು ಕೇಳಿಸಿರಲಿಲ್ಲ, ಆದರೆ ಬಸುವಿನ ಮುಖ ಕಂಡಿತು. ಪೇಪರು ಮಡಿಸಿ ಅಜ್ಜಿಯ ಕಡೆ ತಿರುಗಿದ.

"ಏನಂದ್ಲವ್ವ ಅವ್ಳು?"

ಅಜ್ಜಿ ಮುಚ್ಚಿಡಬಹುದಿತ್ತು. ಅವಳು ಬೀದಿಯ ಕೊನೆಗೆ ಕೇಳಿಸುವಷ್ಟು ಗಟ್ಟಿಯಾಗಿ ಅಂದಳು: "ನಿಂಗೆ ಕಿವಿ ಹೋಗೈತೆ ಅಂದ್ಲು ಕಣಪ್ಪ!"

ನಾನು ನೆಲ ನೋಡಿದೆ. ಹುಣಸೆಬೀಜಗಳನ್ನು ಎಣಿಸುವವಳ ಹಾಗೆ ನಟಿಸಿದೆ. ದೊಡ್ಡಪ್ಪ ಮಡಿಸಿದ ಪೇಪರನ್ನು ಕೆಳಗಿಟ್ಟು ಅಂದ:

"ಹೋಗೈತೆ. ಸುಳ್ಳೇನಲ್ವಲ್ಲ."

ತಮ್ಮನ ಮುಂದೆ, ಹೆಂಡತಿಯ ಮುಂದೆ, ಊರಿನ ಮುಂದೆ ಒಪ್ಪಿಕೊಳ್ಳದ್ದನ್ನು ಅವನು ಹನ್ನೊಂದು ವರ್ಷದ ಒಂದು ಅಧಿಕಪ್ರಸಂಗಿಯ ಮುಂದೆ ಒಪ್ಪಿಕೊಂಡ. ಆಮೇಲೆ ಎದ್ದು ಬಂದು ಚಾಪೆಯ ಮೇಲೆ ನನ್ನೆದುರಿಗೆ ಕೂತ. ಏಟು ಬೀಳುತ್ತದೆಂದು ನಾನು ಕೆನ್ನೆ ಸಿದ್ಧಮಾಡಿಕೊಂಡೆ.

"ಇದೆಂಥಾ ಕಾಳಗ್ವೇ? ಬರೀ ಕೂಗಾಟ. ಆಡೋರಿಗಿಂತ ನೋಡೋರಿಗೇ ಜಾಸ್ತಿ ಕೇಳುಸ್ತದೆ. ತತ್ತಾ, ಕೈ ಕೊಡು."

ಹೆಗಲ ಮೇಲಿನ ಟವೆಲ್ಲನ್ನು ನನ್ನ ಕೈಯ ಮೇಲೆ ಹೊದಿಸಿ ತನ್ನ ಕೈಯನ್ನು ಅದರೊಳಗೆ ತಂದ. ದನದ ಸಂತೆಯಲ್ಲಿ ಎತ್ತು ಕೊಳ್ಳುವವರು ಮಾರುವವರು ಮಾಡುವ ಹಾಗೆ. ಅಲ್ಲಿ ಬಾಯಿ ಬಿಡುವಂತಿಲ್ಲ. ಕೇಳುವುದು, ಬಿಡುವುದು, ಬೇಡವೆನ್ನುವುದು ಎಲ್ಲವೂ ಬೆರಳಿನಲ್ಲಿ. ಸುತ್ತ ನೂರು ಜನ ನಿಂತಿದ್ದರೂ ಟವೆಲಿನೊಳಗೆ ಯಾರು ಎಷ್ಟು ಇಳಿದರೆಂದು ಕೈ ಕೊಟ್ಟ ಇಬ್ಬರಿಗೆ ಮಾತ್ರ ಗೊತ್ತು, ಅದನ್ನು ಅವರು ಹೊರಗೆ ಹೇಳುವಂತಿಲ್ಲ, ಹೆಂಡತಿಗೂ. ದೊಡ್ಡಪ್ಪ ಇದನ್ನು ನಮ್ಮ ಆಟಕ್ಕೆ ಹೊಂದಿಸಿದ. ಹೊಡೆಯುವವನು ಎಷ್ಟು ಉಸಿರು ಕೀಳಬೇಕೆಂದಿದ್ದಾನೋ ಅಷ್ಟು ಬೆರಳು ಅದುಮಬೇಕು. ಹೊಡೆಸಿಕೊಳ್ಳುವವನು ತಾನೆಷ್ಟು ಕೊಡಬಲ್ಲೆನೋ ಅಷ್ಟು ಅದುಮಿ ತಿರುಗಿ ಹೇಳಬೇಕು. ಒಪ್ಪಿಗೆಯಾಗುವ ತನಕ ಕೈ ಬಿಡುವಂತಿಲ್ಲ. ಆದ ಮೇಲೆ ಇಬ್ಬರೂ 'ಆಯ್ತು' ಅನ್ನಬೇಕು, ಎಷ್ಟಕ್ಕೆ ಎನ್ನಬಾರದು. ಅವರವರ ಉಸಿರಿನ ಲೆಕ್ಕ ಅವರವರ ಮನಸ್ಸಿನಲ್ಲಿ.

"ಸುಳ್ಳು ಹೇಳಿದ್ರೆ?" ಬಸು ಅಪ್ಪನ ಕಿವಿಯ ಹತ್ತಿರ ಕೂಗಿದ.

"ಕೈ ಹಿಡ್ಕಂಡು ಸುಳ್ಳು ಹೇಳ್ಲಾ ನೋಡಾನ."

ಸೋಮುಮಾವ ಗ್ರಂಥಪ್ರಮಾಣವಿಲ್ಲವೆಂದು ಆಕ್ಷೇಪಿಸಿದ. ಎರಡು ಸುತ್ತು ಆಡಿ ನೋಡಿದ ಮೇಲೆ ಆಕ್ಷೇಪವನ್ನು ತಾನೇ ಹಿಂತೆಗೆದುಕೊಂಡ. ಆಟ ಅದೇ, ಆಡುವವರು ಅವರೇ, ಬದಲಾದದ್ದು ಹೊಡೆಯುವ ನಿಯಮ ಒಂದೇ. ಆದರೆ ಬೇರೆ ಊರಿಗೆ ಬಂದ ಹಾಗಾಯಿತು. ಹುಣಸೆಬೀಜ ಎತ್ತಿ ಅಂಬಿಗನನ್ನು ಕೊಲ್ಲುವುದಕ್ಕೆ ಒಂದು ಕ್ಷಣ ಸಾಕಾಗಿತ್ತು. ಕೈ ಹಿಡಿದುಕೊಂಡು ಕೊಲ್ಲುವುದು ಬಹಳ ಕಷ್ಟದ ಕೆಲಸ. ಐದು ಬೆರಳು ಅದುಮುತ್ತೇನೆಂದು ಹೊರಟರೆ ಎದುರಿನ ಅಂಗೈ ಬೆವರಿರುವುದು ಗೊತ್ತಾಗುತ್ತದೆ, ಮೂರಕ್ಕೆ ಇಳಿಯುತ್ತೀರಿ. ಎದುರಿನವನು ಒಂದನ್ನಾದರೂ ಕೊಡುತ್ತಾನೆ, ನೀವು ಅದನ್ನೇ ದೊಡ್ಡದೆಂದು ತೆಗೆದುಕೊಳ್ಳುತ್ತೀರಿ. ಸೋತದ್ದು ಯಾರಿಗೂ ಕಾಣುವುದಿಲ್ಲವಾದ್ದರಿಂದ ಸೋಲುವುದು ಸುಲಭವಾಯಿತು. ಮಕರದ ಪರವಾಗಿ ಮಾವನೇ ಕೈ ಕೊಡುತ್ತಿದ್ದ. ಹನ್ನೆರಡು ಉಸಿರಿನ ಆ ಭಯಂಕರ ಪ್ರಾಣಿಯ ಬೆರಳು ನಡುಗುವುದನ್ನು ನಾನೇ ಮುಟ್ಟಿ ತಿಳಿದೆ, ಮತ್ತು ಹುಟ್ಟಿ ಮೊದಲ ಸಲ ಒಂದು ಮಕರವನ್ನು 'ನಿಂಗೇನ್ ಬೇಕು?' ಎಂದು ಕೇಳಿದೆ. ಅದಕ್ಕೆ ಕೆರೆಯಲ್ಲಿ ಸ್ವಲ್ಪ ನೀರು ಬಿಟ್ಟರೆ ಸಾಕಿತ್ತು. ಬಸು ವಾಪಸು ಹೋಗಿ, ಹೂ ಮಾರುವ ಹುಡುಗಿಯ ತಾಯಿಯನ್ನು ಹುಡುಕಿ, ಕ್ಷಮೆ ಕೇಳುತ್ತೇನೆಂದ. ಅದಕ್ಕೂ ಪುಸ್ತಕದಲ್ಲಿ ನಿಯಮವಿರಲಿಲ್ಲ. ಆ ತಾಯಿಯಾಗಿ ಅಜ್ಜಿ ಮಾತಾಡಿದಳು, ಬಸುವನ್ನು ನಿಜವಾಗಿಯೂ ಅಳಿಸಿದಳು.

ಆಟದಲ್ಲಿ ಇಷ್ಟೆಲ್ಲ ಸುಧಾರಣೆಯಾದರೂ ಹಿತ್ತಿಲ ಇಟ್ಟಿಗೆ ಕರಗಲಿಲ್ಲ. ಗಾರೆಯವನು ಸೋಮವಾರ ಬರುತ್ತಾನೆಂದು ತಿಳಿಯಿತು. ಭಾನುವಾರ ಮಧ್ಯಾಹ್ನ ಕೊನೆಯ ಆಟ. ನಾವು ಬೇಲೂರಿನ ಕೋಟೆ ಬಾಗಿಲಿಗೆ ಬಂದು ಮುಟ್ಟಿದ್ದೆವು. ಒಳಗೆ ಹೋಗಲು ಒಬ್ಬರಿಗೆ ಮಾತ್ರ ಅವಕಾಶ, ನಾನೋ ಬಸುವೋ ತೀರ್ಮಾನವಾಗಬೇಕು. ದೊಡ್ಡಪ್ಪ ತನ್ನ ಕುರ್ಚಿಯಲ್ಲಿ, ಅಪ್ಪ ಅವನಿಗೆ ಬೆನ್ನು ಹಾಕಿ ಕಿಟಕಿಯ ಕಟ್ಟೆಯ ಮೇಲೆ; ಅಜ್ಜಿ ನಡುವೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಆಗ ಸೋಮುಮಾವ ಪುಸ್ತಕ ಹಿಡಿದು ಎದ್ದು ನಿಂತ. ಕನ್ನಡಕ ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಗಟ್ಟಿಯಾಗಿ ಓದಿ, ನಾವು ಯಾರೂ ಕೇಳದಿದ್ದರೂ ಅರ್ಥ ಹೇಳಿದ:

"ರೂಲ್ ನಂಬರ್ ಸೆವೆಂಟಿ ಟೂ. ಕೋಟೆ ಬಾಗಿಲಿನ ಕಾಳಗದಲ್ಲಿ ಮಕ್ಕಳು ಕೈ ಕೊಡತಕ್ಕದ್ದಲ್ಲ. ಎರಡೂ ಪಕ್ಷದಿಂದ ಅವರವರ ಹಿರಿಯರು ಕೂತು ತೀರ್ಮಾನಿಸತಕ್ಕದ್ದು. ತಪ್ಪಿದಲ್ಲಿ ಆಟ ರದ್ದು."

ಅಪ್ಪ ತಿರುಗಿದ. ಅಚ್ಚಾದ ಇಂಗ್ಲಿಷಿನ ಬಗ್ಗೆ ಅವನಿಗೆ ಮಠದ ಅಪ್ಪಣೆಯಷ್ಟೇ ಗೌರವ.

"ಪುಸ್ತಕ್ದಾಗೇ ಐತೇನಯ್ಯ ಅದು?"

"ಅಚ್ಚಾಗಿದೆ ಭಾವ."

"ತೋರ್ಸು."

ಮಾವ ತೋರಿಸಿದ. ಪುಟದ ಮೇಲೆ ಎಪ್ಪತ್ತೆರಡು ಎಂಬ ಅಂಕಿ ನಿಸ್ಸಂಶಯವಾಗಿ ಇತ್ತು. ಅಪ್ಪ ಅದನ್ನೇ ನೋಡುತ್ತ ನಿಂತ. ನಾನು ಅವನ ಪಂಚೆ ಹಿಡಿದೆ. ಮೇಲುಗಡೆ ಅಟ್ಟದಲ್ಲಿ ಉಳಿದರ್ಧ ಕಾಯಿ. ಎದುರಿಗೆ ದೊಡ್ಡಪ್ಪ ಆಗಲೇ ಎದ್ದು ಚಾಪೆಗೆ ಬಂದು ಕೂತಿದ್ದ, ಟವೆಲ್ಲು ತೊಡೆಯ ಮೇಲೆ. ಅಪ್ಪನೂ ಕೂತ.

"ಅಪ್ಪ, ನನ್ ಹತ್ರ ಮೂರೇ ಉಸಿರಿರೋದು," ಎಂದು ಅವನ ಕಿವಿಯಲ್ಲಿ ಹೇಳಿದೆ.

"ಸುಮ್ಕಿರೇ."

ಟವೆಲಿನೊಳಗೆ ಎರಡು ಕೈ ಹೋದವು. ಮೊದಲು ಯಾವುದೂ ಅಲುಗಲಿಲ್ಲ. ಆಮೇಲೆ ಟವೆಲ್ಲು ಒಂದು ಕಡೆ ಉಬ್ಬಿತು, ನಿಂತಿತು, ಮತ್ತೆ ಉಬ್ಬಿತು. ದೊಡ್ಡಪ್ಪ ಒಂದು ಸಲ ತಲೆಯಾಡಿಸಿ ಬೇಡವೆಂದ. ಅಪ್ಪ ತಲೆ ತಗ್ಗಿಸಿದ್ದವನು ಎತ್ತಲಿಲ್ಲ. ಸ್ಟೇಷನ್ನಿಗೆ ಒಂದು ರೈಲು ಬಂದು, ನಿಂತು, ಹೊರಟೂ ಹೋಯಿತು. ಅಡಿಗೆಮನೆಯ ಬಾಗಿಲಿನಲ್ಲಿ ಅಮ್ಮ ಮತ್ತು ದೊಡ್ಡಮ್ಮ ಒಂದೇ ಬಾಗಿಲುವಾಡಕ್ಕೆ ಒರಗಿ ನಿಂತಿದ್ದರು. ಅಜ್ಜಿಗೆ ಕೆಮ್ಮು ಬಂದಿರಬೇಕು, ಬಾಯಿಗೆ ಸೆರಗು ಒತ್ತಿಕೊಂಡು ತಡೆದಳು. ಎಷ್ಟೋ ಹೊತ್ತಾದ ಮೇಲೆ ದೊಡ್ಡಪ್ಪನ ಹೆಗಲು ಇಳಿಯಿತು.

"ಆಯ್ತು," ಎಂದ ಅವನು.

"ಆಯ್ತು ಅಣ್ಣ," ಎಂದ ಅಪ್ಪ.

"ಅಪ್ಪ, ನಾನು ಬದುಕಿದೀನಾ?"

"ಬದುಕಿದೀಯ."

"ಬಸು?"

"ಅವ್ನೂನು. ಹೋಗಿ ಬಾಗ್ಲು ತಕ್ಕೊಂಡು ಒಳಗೋಗ್ರಿ, ಇಬ್ರೂ."

ಸೋಮವಾರ ಗಾರೆಯವನು ಗೋಡೆಯ ನೇರ ನೋಡುವ ದಾರ, ಗುಂಡು ಎಲ್ಲ ತಂದ. ಅಪ್ಪ ಅವನನ್ನು ಪಡಸಾಲೆ ಹತ್ತಿಸದೆ ಸೀದಾ ಹಿತ್ತಿಲಿಗೆ ಕರೆದುಕೊಂಡು ಹೋದ.

"ಗೋಡೆ ಬ್ಯಾಡ ಕಣಯ್ಯ. ಬಚ್ಚಲಿಗೊಂದು ನೀರೊಲೆ ಕಟ್ಟು."

"ಗೋಡೆ ಅಂತ ಕರ್ಸಿ ಒಲೆ ಅಂತೀರಲ್ಲ ಗೌಡ್ರೆ!"

"ಒಲೆ ಅಂದ್ರೇನು? ಮೂರು ಗೋಡೆ ತಾನೆ. ಒಂದ್ಕೆ ಮೂರು ಕೊಡ್ತಿದೀನಿ, ಕಟ್ಟು."

ಅಷ್ಟು ಇಟ್ಟಿಗೆಯಲ್ಲಿ ಕಟ್ಟಿದ ಆ ನೀರೊಲೆಯಲ್ಲಿ ಒಂದು ಮದುವೆ ಮನೆಗೆ ಸ್ನಾನ ಮಾಡಿಸಬಹುದಿತ್ತು. ಅಣ್ಣತಮ್ಮಂದಿರು ಅವತ್ತೇ ತಬ್ಬಿಕೊಂಡರೆಂದು ಬರೆದರೆ ನನ್ನ ಓದುಗರು ನಂಬಿಯಾರು, ನಮ್ಮ ಮನೆಯವರು ನಂಬುವುದಿಲ್ಲ. ಮಾತು ಶುರುವಾಗಲು ಯುಗಾದಿಯವರೆಗೆ ಕಾಯಬೇಕಾಯಿತು. ಶುರುವಾದ ಮೇಲೂ ಅದು ಬಹುಪಾಲು ಜಗಳವೇ. ಪಂಕ್ತಿ ಮಾತ್ರ ಅವತ್ತು ರಾತ್ರಿಯಿಂದಲೇ ಒಂದಾಯಿತು. ಅಟ್ಟದ ಉಳಿದರ್ಧ ಒಣಗಿ ಇಳಿಸುವ ದಿನ ಬಂದಾಗ ದೊಡ್ಡಪ್ಪ ಮೊದಲಿನ ಹಾಗೆ ಅಟ್ಟ ಹತ್ತಿದ. ಅಪ್ಪ ಅವನ ಹಿಂದೆಯೇ ಹತ್ತಿ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತ. ದೊಡ್ಡಪ್ಪ ಕಾಯಿ ಎತ್ತಿ ಕುಲುಕುವುದು, ಕುಲುಕುತ್ತ ಅಪ್ಪನ ಮುಖ ನೋಡುವುದು. ಅಪ್ಪ ಕೆಳಗಿನವರಿಗೆ ಕಾಣದ ಹಾಗೆ ರೆಪ್ಪೆ ಬಡಿಯುವುದು. ದೊಡ್ಡಪ್ಪ ಗಟ್ಟಿಯಾಗಿ 'ಒಣಗೈತೆ' ಎಂದು ಕೆಳಗೆ ಬಿಡುವುದು. ಒಂದೂ ತಪ್ಪಲಿಲ್ಲ. ಕಾಯಿ ಒಡೆಯುವ ಹೆಂಗಸರು ದೊಡ್ಡಯಜಮಾನರಿಗೆ ಕಿವಿ ವಾಪಸು ಬಂದಿದೆಯೆಂದು ಬೀದಿಯೆಲ್ಲ ಹೇಳಿಕೊಂಡು ಬಂದರು. ಇಬ್ಬರೂ ಅಟ್ಟ ಹತ್ತಲಾಗದಷ್ಟು ಮುದುಕರಾಗುವ ತನಕ ಈ ಏರ್ಪಾಡು ನಡೆಯಿತು. ನನಗೆ ಯಾರಾದರೂ ಸಂಸ್ಕಾರವೆಂದರೇನು ಎಂದು ಕೇಳಿದರೆ ನಾನು ಆ ರೆಪ್ಪೆಯನ್ನು ನೆನೆಯುತ್ತೇನೆ.

ಈಚೆಗೆ ಬಸುವಿನ ಮಗಳು ಅಂಥದೇ ಆಟದ ಇಡೀ ಪುಸ್ತಕ ತಂದಿದ್ದಳು. ರಟ್ಟು ಸಮೇತ, ಬಣ್ಣದ ಚಿತ್ರ ಸಮೇತ, ಇಪ್ಪತ್ತು ಮುಖದ ದಾಳ ಸಮೇತ. ಕನ್ನಡಕ ಹಾಕಿಕೊಂಡು ಓದಿದೆ. ಓಡಿಹೋಗಬಹುದಂತೆ. ಶರಣಾಗಬಹುದಂತೆ. ಗಾಯಕ್ಕೆ ಮದ್ದಿದೆ. ರಾಕ್ಷಸರ ಹತ್ತಿರ ಮಾತಾಡುವುದಕ್ಕೇ ಬೇರೆ ನಿಯಮವಿದೆ. ಆದರೂ ಅವಳೂ ಅವಳ ಗೆಳೆಯರೂ ಆಡುವಾಗ ನೋಡಿದೆ, ಹೊಡೆಯುವ ಪುಟಗಳೇ ಮಾಸಿವೆ, ಮಿಕ್ಕವು ಹೊಸದಾಗಿವೆ. ಎಲ್ಲಿ ನಿಯಮ ಹೆಚ್ಚಿದೆಯೋ ಆಟ ಅಲ್ಲಿಗೇ ಹರಿಯುತ್ತದೆ. ಇದು ಆಟದ ತಪ್ಪಲ್ಲ, ಇಳಿಜಾರಿನ ಗುಣ. ರೈಲಿನಲ್ಲಿ ನಮ್ಮ ಪುಸ್ತಕವನ್ನು ಹರಿದ ಆ ಅಜ್ಞಾತ ಪುಣ್ಯಾತ್ಮನಿಗೆ ನಾನು ಋಣಿ. ಅವನು ಎಲ್ಲ ನಿಯಮಗಳನ್ನೂ ಹರಿಯದೆ ಬಿಟ್ಟಿದ್ದರೆ ನಮ್ಮ ಚಾಪೆಯ ಮೇಲೆ ದೊಡ್ಡಪ್ಪನಿಗೆ ಜಾಗವಿರುತ್ತಿರಲಿಲ್ಲ. ಸೋಮುಮಾವನ ಋಣವನ್ನಂತೂ ಈ ಜನ್ಮದಲ್ಲಿ ತೀರಿಸಲಾರೆ. ಇಂಗ್ಲಿಷು ಬಂದ ಮೇಲೆ ನಾನು ಎಪ್ಪತ್ತೆರಡನೆಯ ಪುಟವನ್ನು ಓದಿದೆ. ಪುಟಸಂಖ್ಯೆ ಸರಿಯಾಗಿತ್ತು. ಕೆಳಗಿದ್ದದ್ದು ಯುದ್ಧದಲ್ಲಿ ಕುದುರೆಯಿಂದ ಬಿದ್ದವನಿಗೆ ಎಷ್ಟು ಪೆಟ್ಟಾಗುತ್ತದೆ ಎನ್ನುವ ಪಟ್ಟಿ.

ಟವೆಲಿನೊಳಗೆ ಎಷ್ಟಕ್ಕೆ ಆಯಿತು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕಾಲೇಜು ಮುಗಿಸಿ ಬಂದ ವರ್ಷ ಅಪ್ಪನನ್ನು ಕೇಳಿದೆ. 'ಹೇಳೋ ಹಂಗಿದ್ರೆ ಟವೆಲ್ ಯಾಕೆ ಹಾಕ್ಬೇಕಿತ್ತು?' ಎಂದು ಎದ್ದು ಹೋದ. ಮುಂದೆ ಎಷ್ಟೋ ವರ್ಷದ ಮೇಲೆ, ನಾನು ತವರಿಗೆ ಬಂದಿದ್ದಾಗ, ಒಂದು ಸಂಜೆ ಅಪ್ಪನೂ ದೊಡ್ಡಪ್ಪನೂ ಪಡಸಾಲೆಯಲ್ಲಿ ಕೂತಿದ್ದರು. ದೊಡ್ಡಪ್ಪನಿಗೆ ಆಗ ಸಿಡಿಲು ಹೊಡೆದರೂ ಕೇಳಿಸುತ್ತಿರಲಿಲ್ಲ. ಅಪ್ಪ ರೇಡಿಯೋ ಕೇಳುತ್ತ ಕಣ್ಣು ಮುಚ್ಚಿದ್ದ. ಟವೆಲ್ಲು ಕೈಗೆ ಸಿಗಲಿಲ್ಲ. ನಾನು ದೊಡ್ಡಪ್ಪನ ಪಕ್ಕ ಕೂತು ಸೆರಗನ್ನೇ ಅವನ ಕೈಯ ಮೇಲೆ ಹೊದಿಸಿ ಬೆರಳು ಹಿಡಿದೆ. ಅವನು ನನ್ನ ಮುಖ ನೋಡಿದ, ಅಪ್ಪನ ಕಡೆ ನೋಡಿದ, ಏನು ಕೇಳುತ್ತಿದ್ದೇನೆಂದು ತಿಳಿಯಿತು. ಪದ್ಧತಿ ಮುರಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅವತ್ತು ಅಪ್ಪನ ಕೈ ಏನಂದಿತ್ತೋ ಅದನ್ನು ನನ್ನ ಬೆರಳುಗಳ ಮೇಲೆ ಒಂದೊಂದಾಗಿ ಅದುಮಿ ಹೇಳಿದ. ತಾನೇನಂದೆ ಎನ್ನುವುದನ್ನೂ ಹೇಳಿದ. ಅದನ್ನು ಇಲ್ಲಿ ಬರೆಯಲು ನನಗೆ ಅಧಿಕಾರವಿಲ್ಲ.

ಅಡಿಗೆಮನೆಗೆ ಹೋಗಿ ಎರಡು ಲೋಟ ಕಾಫಿ ತಂದೆ. ಹಿರಿಯನೆಂದು ಮೊದಲ ಲೋಟ ದೊಡ್ಡಪ್ಪನಿಗೆ ಹೋಗುವುದು ನಮ್ಮಲ್ಲಿ ಹಿಂದಿನಿಂದ ಬಂದ ವಾಡಿಕೆ. ಅವತ್ತು ಅಪ್ಪನಿಗೆ ಮೊದಲು ಕೊಟ್ಟೆ. ದೊಡ್ಡಪ್ಪ ಅದನ್ನು ನೋಡಿ ಹಲ್ಲಿಲ್ಲದ ಬಾಯಲ್ಲಿ ನಕ್ಕ. ಅಪ್ಪನಿಗೆ ಏನೂ ತಿಳಿಯಲಿಲ್ಲ. ಲೋಟವನ್ನು ಮುಟ್ಟದೆ ನನ್ನನ್ನೇ ಗದರಿದ:

"ಅಣ್ಣಂಗೆ ಮೊದ್ಲು ಕೊಡೇ."